ಕಾಲು ಮುಂದಾಗಿ ಹುಟ್ಟಿದವರು

ಮಡಿಕೇರಿ
ಜನವರಿ ೧೯, ಭಾನುವಾರ

ಲೋಕೇಶ್ ಅವರಿಗೆ,

ಹೆಸರಿನ ಹಿಂದೆ 'ಪ್ರೀತಿಯ' ಅಂತ ಇಲ್ಲ, ನೋಡಿದಿರಲ್ಲ? ಮರೆತು ಬಿಟ್ಟಿದ್ದಲ್ಲ. 'ನಾವಿಲ್ಲಿ ಕ್ಷೇಮ' ಅಂತಲೂ ಬರೆಯುವುದಿಲ್ಲ. ಕ್ಷೇಮವೋ ಅಲ್ಲವೋ ಎನ್ನುವುದು ಕಾಗದದ ಕೊನೆಯಲ್ಲಿದೆ. ಹಾಳೆ ಮಗುಚಿ ಅಲ್ಲಿಗೆ ಹಾರಬೇಡಿ. ಗುರುವಾರದಿಂದ ಇಲ್ಲಿಯವರೆಗೆ ಬಂದು ನೋಡದೆ ಇರಲು ಆಯಿತಲ್ಲ, ಇನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಿ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳುತ್ತೀರಿ. ಫೋನಿನಲ್ಲಿ ನಾನು ಒಂದು ಮಾತಾಡಿದರೆ ನೀವು ನಾಲ್ಕು ಆಡುತ್ತೀರಿ, ಉತ್ತರ ಸಿಗದಿದ್ದರೆ ಸಿಗ್ನಲ್ ಇಲ್ಲ ಅಂತ ಇಟ್ಟುಬಿಡುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನನ್ನ ಫೋನನ್ನು ನಾನೇ ಆಫ್ ಮಾಡಿಟ್ಟಿದ್ದೇನೆ. ಶುಕ್ರವಾರ ಅತ್ತೆಯ ಫೋನಿಗೆ ನೀವು ಒಂದೇ ಒಂದು ಸಲ ಮಾಡಿದಿರಿ. ಅವರು ನಿಮ್ಮ ಹೆಸರು ನೋಡಿ ಫೋನನ್ನು ಬೋರಲು ಹಾಕಿದರು. ಮೊನ್ನೆ ನಮ್ಮನ್ನು ಇಲ್ಲಿಗೆ ತಂದು ಬಿಟ್ಟ ಜೀಪಿನ ಸೋಮಯ್ಯಣ್ಣ ಇವತ್ತು ಬಟ್ಟೆಬರೆ ತಂದುಕೊಟ್ಟಿದ್ದಾರೆ, ಹಿಂದಿರುಗುವಾಗ ಇದನ್ನು ಅವರ ಕೈಯಲ್ಲೇ ಕಳಿಸುತ್ತೇನೆ. ಅವರ ಬಾಯಿ ಬಿಡಿಸಲು ನೋಡಬೇಡಿ, ಅತ್ತೆಗೆ ಮಾತು ಕೊಟ್ಟಿದ್ದಾರೆ.

ಇವತ್ತು ಭಾನುವಾರ. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲ ಬೇರೆ. ನಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ಬೆಳಿಗ್ಗೆಯೇ ಚಾಪೆ ಹಾಸಿದ್ದೀರಿ, ಅಲ್ಲವಾ? ಕಾಫಿ ಮೂಟೆ ಹೊತ್ತು ಸೊಂಟ ಹಿಡಿದುಕೊಂಡವರು ಆಳುಗಳ ಲೈನುಮನೆಗಳಿಂದ ಒಬ್ಬೊಬ್ಬರೇ ಬಂದು ಬೋರಲು ಮಲಗುತ್ತಾರೆ. ನೀವು ಎಡಗಾಲಿನ ಹಿಮ್ಮಡಿಯಿಂದ ಅವರ ಸೊಂಟಕ್ಕೆ ಮೂರು ಸಲ ಮೆಲ್ಲಗೆ ಒದೆಯುತ್ತೀರಿ. ಅವರು ಎದ್ದು, ತಿರುಗಿ ನೋಡದೆ, ನಡೆದುಬಿಡುತ್ತಾರೆ. ತಿರುಗಿ ನೋಡಿದರೆ ನೋವು ವಾಪಸ್ ಬರುತ್ತದಂತೆ. ಯಾಕೆಂದರೆ ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲೋಕೇಶ್ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು! ಅಂಥವರ ಕಾಲು ತಾಗಿದರೆ ಎಂಥ ಉಳುಕೂ ಹೋಗುತ್ತದೆ! ಮಾದಾಪುರದ ಪೇಟೆಯಿಂದಲೂ ಆಟೋ ಮಾಡಿಕೊಂಡು ಬರುತ್ತಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ನಗು, ನಗುವಿನ ಜೊತೆ ಸ್ವಲ್ಪ ಹೆಮ್ಮೆ. ಬೆಳ್ಳಿ ಇದ್ದಾಳಲ್ಲ, ಪಿಕಿಂಗಿಗೆ ಬರುವವಳು, ಅವಳು ನನ್ನನ್ನು ರೇಗಿಸುತ್ತಿದ್ದಳು: "ರೈಟ್ರಮ್ಮ, ನಿಮ್ ಯಜಮಾನ್ರು ವಾರವೆಲ್ಲ ನಮ್ಗೆ ಬಾಯಲ್ಲಿ ಒದೀತಾರೆ, ಭಾನ್ವಾರ ಒಂದಿನ ಕಾಲಲ್ಲಿ ಒದ್ದು ಸರಿ ಮಾಡ್ತಾರೆ." ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ನನ್ನ ಹೊಟ್ಟೆ ಬೆಳೆಯಿತು, ಏಳನೇ ತಿಂಗಳಿಗೆ ಸೊಂಟ ಸೀಳುವ ಹಾಗೆ ನೋವು ಶುರುವಾಯಿತು. ಬಸುರಿಗೆ ಕಾಲು ತಾಗಿಸಬಾರದು ಅಂದಿರಿ. ಸರಿ, ಕಾಲು ಬೇಡ. ಊರವರ ಸೊಂಟಕ್ಕೆಲ್ಲ ಕಾಲು ಕೊಟ್ಟವರು ಹೆಂಡತಿಯ ಸೊಂಟಕ್ಕೆ ಒಂದು ದಿನ ಕೈ ಕೊಟ್ಟಿರಾ? ಮಗ್ಗುಲಾಗಿ ಮಲಗಿ ಗೊರಕೆ ಹೊಡೆದಿರಿ.

ಹೋಗಲಿ, ಅದಕ್ಕೆ ಯಾರೂ ಸಾಯುವುದಿಲ್ಲ. ಈಗ ಹೇಳುವುದನ್ನು ಕೇಳಿ.

ಡಿಸೆಂಬರ್ ಕೊನೆಯ ವಾರ ಮಡಿಕೇರಿಗೆ ಬಂದು ಸ್ಕ್ಯಾನ್ ಮಾಡಿಸಿದೆವು. ಮಗು ಇನ್ನೂ ತಲೆ ಮೇಲೆ ಮಾಡಿಕೊಂಡೇ ಕೂತಿದೆ, ತಿರುಗಿಲ್ಲ ಎಂದರು ಡಾಕ್ಟರಮ್ಮ. ಈಗೇನು ಮಾಡುವುದು ಅಂತ ನಾನು ಕೇಳಿದೆ. ನಿಮ್ಮ ಮುಖ ನೋಡಿದರೆ ಅರಳಿಬಿಟ್ಟಿದೆ! "ಹಂಗಾದ್ರೆ ನನ್ ಹಂಗೇ" ಅಂದಿರಿ, ಅವರ ಎದುರಿಗೇ. ಆಕೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಎಷ್ಟು ನಿಧಾನವಾಗಿ, ಎಷ್ಟು ಬಿಡಿಸಿ ಹೇಳಿದರು. ಒಂದು, ಹೊಟ್ಟೆಯ ಮೇಲಿನಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸಲು ನೋಡಬಹುದು. ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ಮಗುವಿನ ಎದೆಬಡಿತ ನೋಡುತ್ತಾ, ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರುವ ಕಡೆ ಮಾಡುವ ಕೆಲಸ ಅದು. ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ತಿರುಗುತ್ತದೆ, ತಿರುಗಿದರೆ ಎಲ್ಲರಂತೆ ಹೆರಿಗೆ. ಮೈಸೂರಿನಲ್ಲಿ ಅದರಲ್ಲಿ ಪಳಗಿದ ಡಾಕ್ಟರೊಬ್ಬರಿದ್ದಾರೆ, ತಡ ಮಾಡದೆ ಹೋಗಿ ಎಂದರು. ತಿರುಗದಿದ್ದರೆ ದಿನ ಗೊತ್ತು ಮಾಡಿಕೊಂಡು ಸಿಸೇರಿಯನ್.

ಹಾಗೇ ಹೆರಲು ಆಗುವುದೇ ಇಲ್ಲವಾ ಅಂತ ಕೇಳಿದವರು ನೀವು. ಅದಕ್ಕೂ ಅವರು ಸಿಡುಕಲಿಲ್ಲ. ಆಗುತ್ತದೆ, ಕೆಲವರಿಗೆ ಆಗುತ್ತದೆ ಎಂದರು. ಮಗುವಿನ ಕುಂಡೆ ಕೆಳಗಿದ್ದು, ಎರಡು ಕಾಲೂ ಮೇಲಕ್ಕೆ ಮಡಚಿಕೊಂಡಿದ್ದು, ಅಂಥ ಹೆರಿಗೆ ಮಾಡಿಸಿ ಗೊತ್ತಿರುವವರು ಎದುರಿಗಿದ್ದರೆ ಯೋಚಿಸಬಹುದು. ನಿಮ್ಮ ಮಗುವಿನದು ಹಾಗಿಲ್ಲ, ಒಂದು ಕಾಲು ಕೆಳಗೆ ಇಳಿಬಿಟ್ಟಿದೆ. ನೀರು ಒಡೆದರೆ ಕಾಲಿನ ಪಕ್ಕದಲ್ಲೇ ಹೊಕ್ಕುಳಬಳ್ಳಿ ಜಾರಿಬಿಡಬಹುದು. ಮೈಯೆಲ್ಲ ಹೊರಗೆ ಬಂದ ಮೇಲೆ ತಲೆ ಸಿಕ್ಕಿಕೊಳ್ಳಬಹುದು. ಮನೆಯಲ್ಲಿ ಮಾತ್ರ ಖಂಡಿತ ಬೇಡ. ನೀರು ಒಡೆದ ತಕ್ಷಣ ಮೊಣಕಾಲು ಮೊಣಕೈ ಊರಿ, ಕುಂಡೆ ಎತ್ತಿ, ಹಾಗೆಯೇ ಗಾಡಿಯಲ್ಲಿ ಬನ್ನಿ ಅಂತ ನನಗೆ ಮಾಡಿಯೂ ತೋರಿಸಿದರು. ಕನ್ನಡದಲ್ಲಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಇನ್ನು ಯಾವ ಭಾಷೆಯಲ್ಲಿ ಹೇಳಬೇಕಿತ್ತು ನಿಮಗೆ?

ಹೊರಗೆ ಬಂದು ನೀವು ಮಾಡಿದ ಮೊದಲ ಕೆಲಸ ಎಂದರೆ ಎಸ್ಟೇಟಿಗೆ ಫೋನು. ಮಗ ಕಾಲು ಮುಂದಾಗಿ ಬರುತ್ತಿದ್ದಾನೆ, ನನ್ನ ಕಾಲಿಗೆ ವಾರಸುದಾರ ಬರುತ್ತಿದ್ದಾನೆ ಎಂದು. ಸಂಜೆ ನಾವು ಜೀಪಿನಿಂದ ಇಳಿಯುವುದರೊಳಗೆ ಲೈನಿಗೆಲ್ಲ ಗೊತ್ತಾಗಿತ್ತು. ಹೆಂಗಸರು ನನ್ನ ಹೊಟ್ಟೆ ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡು ಹೋದರು. ಮಗನೇ ಅಂತ ನಿಮಗೆ ಹೇಳಿದ್ದು ಯಾರೋ! ನಾನು ಮೈಸೂರಿಗೆ ಹೋಗುತ್ತೇನೆ ಅಂದದ್ದಕ್ಕೆ, ಅದು ತಾನಾಗಿ ಬರುವ ದಾರಿ ತಪ್ಪಿಸೋಕೆ ನಾವು ಯಾರು ಅಂದಿರಿ. ಆದರೂ ನಾನು ಪಟ್ಟು ಬಿಡಲಿಲ್ಲ. ಶನಿವಾರ ಬರಲು ಹೇಳಿದ್ದರು, ಚೀಲ ಕಟ್ಟಿಟ್ಟುಕೊಂಡಿದ್ದೆ. ಹಿಂದಿನ ಸಂಜೆ ನೀವು ಬಂದು ಹೇಳಿದಿರಿ, ಆಸ್ಪತ್ರೆಯಿಂದ ಫೋನ್ ಬಂದಿತ್ತು, ಡಾಕ್ಟರು ರಜ, ಮುಂದಿನ ವಾರ ಬರಬೇಕಂತೆ. ನಾನು ನಂಬಿದೆ. ಗಂಡನ ಮಾತು ನಂಬದೆ ಇನ್ನಾರ ಮಾತು ನಂಬಬೇಕಿತ್ತು?

ಮುಂದಿನ ವಾರ ಅತ್ತೆಯನ್ನು ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ನಗುತ್ತಾ ಕೇಳಿದಳು, ಜ್ವರ ಬಿಡ್ತಾ ಮೇಡಂ ಅಂತ. ಯಾವ ಜ್ವರ ಅಂದೆ. ನಿಮ್ಮ ಯಜಮಾನರು ಫೋನ್ ಮಾಡಿ, ಜ್ವರ ಬಂದಿದೆ, ಈ ವಾರ ಬರಲು ಆಗಲ್ಲ ಅಂದರಲ್ಲ ಅಂದಳು. ಆ ಶನಿವಾರ ಡಾಕ್ಟರು ದಿನವಿಡೀ ಅಲ್ಲೇ ಇದ್ದರಂತೆ. ಒಳಗೆ ಹೋದರೆ ಅವರು ಸ್ಕ್ಯಾನ್ ಮಾಡಿ ತಲೆಯಾಡಿಸಿದರು. ನೀರು ಕಡಿಮೆಯಾಗಿದೆ, ಮಗು ಕೆಳಗೆ ಇಳಿದು ಕೂತಿದೆ, ಈಗ ತಿರುಗಿಸಲು ಹೋಗುವುದು ಸರಿಯಲ್ಲ ಎಂದರು. ಹೋದ ವಾರ ಬಂದಿದ್ದರೆ ಆಗುತ್ತಿತ್ತಾ ಅಂತ ಕೇಳಿದೆ. ಆಗುತ್ತಿತ್ತು ಅಂತ ಹೇಳಲಾರೆ, ಪ್ರಯತ್ನವಂತೂ ಮಾಡಬಹುದಿತ್ತು ಎಂದರು. ಆ ಒಂದು ಪ್ರಯತ್ನವನ್ನು ನನ್ನ ಕೈಯಿಂದ ಕಿತ್ತುಕೊಂಡವರು ನೀವು. ಮಗು ನಿಮ್ಮದೂ ಹೌದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಹೊಟ್ಟೆ ನನ್ನದು. ನನ್ನ ಹೊಟ್ಟೆಯ ವಿಷಯದಲ್ಲಿ ನನಗೇ ಸುಳ್ಳು ಹೇಳಿದಿರಿ.

ಮನೆಗೆ ಬಂದು ಕೇಳಿದಾಗ ನಿಮಗೆ ನಾಚಿಕೆಯಾದರೂ ಆಯಿತಾ? "ನಿನ್ ಒಳ್ಳೇದಕ್ಕೇ ಮಾಡಿದ್ದು ಕಣೇ" ಅಂದು ಅನ್ನಕ್ಕೆ ಸಾರು ಹಾಕಿಸಿಕೊಂಡಿರಿ. ನನ್ನ ಅಮ್ಮ ಬದುಕಿದ್ದಿದ್ದರೆ ಆ ಕ್ಷಣವೇ ತವರಿಗೆ ಹೊರಟುಬಿಡುತ್ತಿದ್ದೆ. ಇಪ್ಪತ್ತನೇ ತಾರೀಕಿಗೆ ಸಿಸೇರಿಯನ್ ಅಂತ ಮಡಿಕೇರಿಯಲ್ಲಿ ದಿನ ಗೊತ್ತು ಮಾಡಿಕೊಂಡು ಬಂದದ್ದೂ ನಾನೊಬ್ಬಳೇ. ನಾಳೆ ಸೋಮವಾರ ಆ ದಿನ.

ಆದರೆ ಗುರುವಾರವೇ ಎಲ್ಲ ಆಗಿಹೋಯಿತು. ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೆ, ನೀರು ಒಡೆಯಿತು. ಹಾಗೇ ನೆಲಕ್ಕೆ ಮೊಣಕಾಲು ಊರಿದೆ. ಅತ್ತೆ ಬೆಳ್ಳಿಯನ್ನು ಕೂಗಿ, ತೋಟದಲ್ಲಿ ಹಣ್ಣು ತೂಗಿಸುತ್ತಿದ್ದ ನಿಮ್ಮನ್ನು ಕರೆಸಿದರು. ನೀವು ಬಂದಿರಿ, ನಿಮ್ಮ ಹಿಂದೆ ಅರ್ಧ ಲೈನೂ ಬಂತು. ಬಂದು ಏನಂದಿರಿ? ನೆನಪಿಲ್ಲದಿದ್ದರೆ ನಾನು ನೆನಪಿಸುತ್ತೇನೆ. "ಗಾಬ್ರಿ ಯಾಕೆ? ಅಮ್ಮ ಇಲ್ವಾ? ನನ್ನೇ ಹೆತ್ತೋಳಿಗೆ ಇದೊಂದು ಹೆರಿಗೆ ಮಾಡ್ಸೋದು ದೊಡ್ಡದಾ? ಜೀಪು ಬೇಡ, ಕುಲುಕ್ತದೆ" ಅಂದಿರಿ.

ಅಷ್ಟು ದಿನ ತುಟಿ ಬಿಚ್ಚದಿದ್ದ ನಿಮ್ಮ ಅಮ್ಮ ಆಗ ಹೇಗೆ ಎದ್ದರು ನೋಡಿದಿರಲ್ಲ! ನಿಮ್ಮ ಅಂಗಿ ಹಿಡಿದು ಜಗ್ಗಿ, "ಲೇ, ಜೀಪ್ ತರುಸ್ತೀಯೋ ಇಲ್ವೋ? ನಿನ್ ಕಾಲ್ಗೆ ಬೆಂಕಿ ಬೀಳ!" ಅಂದರು. ಇಡೀ ಲೈನಿನ ಎದುರು. ನಿಮಗೆ ಅವಮಾನವಾಯಿತು. ಹೆಂಡತಿ ನೆಲದ ಮೇಲೆ ನಾಲ್ಕು ಕಾಲಿನ ಪ್ರಾಣಿಯ ಹಾಗೆ ನಿಂತಿದ್ದಾಳೆ, ಮಗುವಿನ ಜೀವ ಎತ್ತ ಹೋಗುತ್ತದೋ ಗೊತ್ತಿಲ್ಲ, ನಿಮಗೆ ನಿಮ್ಮ ಕಾಲಿಗೆ ಬಿದ್ದ ಶಾಪದ ಚಿಂತೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಓಡಿಹೋಗಿ ಸೋಮಯ್ಯಣ್ಣನ ಜೀಪು ತಂದವಳು ಬೆಳ್ಳಿ. ಜೀಪು ಹೊರಡುವಾಗ ನಾನು ಕಿಟಕಿಯ ಕಡೆ ನೋಡಿದೆ. ಪರದೆ ಅಲುಗಾಡಿತು. ಅಷ್ಟೇ.

ಹಿಂದಿನ ಸೀಟುಗಳ ನಡುವೆ ಮೊಣಕಾಲು ಊರಿ, ತಲೆ ತಗ್ಗಿಸಿ ಬಂದೆ. ಹಟ್ಟಿಹೊಳೆ ದಾಟುವಾಗ ಏನೋ ಜಾರಿದ ಹಾಗಾಯಿತು. ಅತ್ತೆ ಸೀರೆ ಸರಿಸಿ ನೋಡಿದರು. ಒಂದು ಪುಟ್ಟ ಪಾದ ಹೊರಗೆ ಬಂದಿತ್ತು. ಎಡಗಾಲು. ಬಂತಾ, ಎಳೆಯಬೇಕಾ ಅಂತ ನಾನು ಕೇಳಿದೆ. ಅವರು ತಮ್ಮ ಸೆರಗನ್ನು ಆ ಪಾದಕ್ಕೆ ಮುಚ್ಚಿ, ನನ್ನ ಬೆನ್ನ ಮೇಲೆ ಕೈಯಿಟ್ಟು, "ಎಳೀಬಾರ್ದು ಕಣವ್ವ, ಎಳೀಬಾರ್ದು" ಅಂದರು. ಆಮೇಲೂ ಅದನ್ನೇ ಅನ್ನುತ್ತಾ ಬಂದರು. ಎಳೀಬಾರ್ದು, ಎಳೀಬಾರ್ದು, ದಾರಿಯುದ್ದಕ್ಕೂ. ನನಗೆ ಹೇಳುತ್ತಿದ್ದಾರೆ ಅನ್ನಿಸಲಿಲ್ಲ. ಅಲ್ಲಿಲ್ಲದ ಯಾರಿಗೋ ಹೇಳುತ್ತಿದ್ದ ಹಾಗಿತ್ತು. ಮಕ್ಕಂದೂರಿನ ಹತ್ತಿರ ನಾನು, ಯಾಕತ್ತೆ ಹೀಗೆ ಮಾಡ್ತೀರಿ ಅಂದೆ. ಆಗ ಒಂದು ವಿಷಯ ಹೇಳಿದರು. ಅದನ್ನು ನಾನು ಬರೆಯುವುದಿಲ್ಲ. ಅದು ಅವರ ಮಾತು, ಹೇಳುವುದಿದ್ದರೆ ಅವರೇ ಹೇಳಲಿ.

ಅವರ ಮೇಲೂ ನನಗೆ ಸಿಟ್ಟಿದೆ, ಇದನ್ನು ಅವರ ಪಕ್ಕದಲ್ಲಿ ಕೂತೇ ಬರೆಯುತ್ತಿದ್ದೇನೆ. ನಾನು ನಿಮ್ಮ ಜೊತೆ ಜಗಳ ಆಡಿ ಆಡಿ ಬಸವಳಿದಾಗ ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ಮೈಸೂರಿಗೆ ಜೊತೆಗೆ ಬಂದರು, ಆದರೆ ಮಗನಿಗೆ ಒಂದು ಮಾತು ಹೇಳಲಿಲ್ಲ. ಒಂದೇ ಒಂದು ಮಾತು ಸಾಕಿತ್ತು.

ಆಸ್ಪತ್ರೆಯಲ್ಲಿ ಯಜಮಾನರು ಎಲ್ಲಿ, ಸಹಿ ಬೇಕಲ್ಲ ಅಂದರು. ಹೊಟ್ಟೆ ಯಾರದ್ದೋ ಅವರೇ ಸಹಿ ಮಾಡುತ್ತಾರೆ ಅಂದು ಪೆನ್ನು ಕಿತ್ತುಕೊಂಡೆ. ಬೆನ್ನಿಗೆ ಸೂಜಿ ಹಾಕಿದರು, ಸೊಂಟದಿಂದ ಕೆಳಗೆ ಮರಗಟ್ಟಿತು. ನಿಮ್ಮ ಹಿಮ್ಮಡಿಯಿಂದ ಆಗದ್ದು ಆ ಸೂಜಿಯಿಂದ ಆಯಿತು, ತಿಂಗಳುಗಟ್ಟಲೆ ಕಾಡಿದ ಸೊಂಟನೋವು ಒಂದು ಕ್ಷಣದಲ್ಲಿ ಹೋಯಿತು. ಎದುರಿಗೆ ಹಸಿರು ಬಟ್ಟೆ ಅಡ್ಡ ಕಟ್ಟಿದ್ದರು. ಹೊಟ್ಟೆಯೊಳಗೆ ಕೈಯಾಡಿಸುವುದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ಆಮೇಲೆ ಏನೋ ಎತ್ತಿಕೊಂಡು ಮೂಲೆಗೆ ಓಡಿದರು. ಅಳು ಕೇಳಲಿಲ್ಲ. ಆಗ ನಿಮ್ಮ ಮುಖ ಕಣ್ಣಿಗೆ ಬಂತು. ಪ್ರೀತಿಯಿಂದ ಅಲ್ಲ. ಈ ಮಗು ಹೋದರೆ ಈ ಮನುಷ್ಯನನ್ನು ನಾನು ಜನ್ಮದಲ್ಲಿ ಕ್ಷಮಿಸುವುದಿಲ್ಲ, ಸತ್ತ ಮೇಲೂ ಕ್ಷಮಿಸುವುದಿಲ್ಲ ಅಂದುಕೊಂಡೆ.

ಅತ್ತಳು. ತಡವಾಗಿ, ಸಣ್ಣಗೆ, ಬೆಕ್ಕಿನ ಮರಿ ಕೂಗಿದ ಹಾಗೆ ಅತ್ತಳು.

ಹೆಣ್ಣು ಮಗು. ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಇವತ್ತು ಬೆಳಿಗ್ಗೆ ನನ್ನ ಮಡಿಲಿಗೆ ಕೊಟ್ಟರು. ಹಾಲು ಕುಡಿಯುತ್ತಿದ್ದಾಳೆ. ಮುಂದೆ ಬಂದಿದ್ದ ಎಡಗಾಲು ಗಿಣ್ಣಿನವರೆಗೆ ನೀಲಿಗಟ್ಟಿ ಊದಿಕೊಂಡಿದೆ, ಕೆಲವು ದಿನಕ್ಕೆ ಸರಿಹೋಗುತ್ತದೆ ಎಂದಿದ್ದಾರೆ. ನಾವು ಕ್ಷೇಮ. ಈಗ ಬರೆದಿದ್ದೇನೆ, ಸಾಕಾ?

ಇನ್ನೊಂದು ಕೇಳಿ. ವಾರ್ಡು ಗುಡಿಸುವ ಹೆಂಗಸು ಮಗುವಿನ ಕಾಲು ನೋಡಿ, ಕಾಲು ಮುಂದಾಗಿ ಬಂದ ಕೂಸಾ ಇದು ಅಂತ ಕಣ್ಣರಳಿಸಿದಳು. ನನ್ನ ಗಂಡನಿಗೆ ಸೊಂಟ ಹಿಡಿದು ವಾರವಾಯಿತು, ಹೊರಗೆ ಕೂತಿದ್ದಾನೆ, ಒಂದು ಸಲ ತಾಗಿಸಿಕೊಂಡು ಹೋಗಲಾ ಅಂದಳು. ಮೂರು ದಿನದ ಕೂಸು! ಊದಿದ ಕಾಲು! ನಾನು ಕೂಗಿದ ಕೂಗಿಗೆ ಹೊಲಿಗೆ ಬಿಟ್ಟುಹೋಯಿತೇನೋ ಅಂತ ಸಿಸ್ಟರು ಓಡಿ ಬಂದರು. ಪಾಪ, ಆ ಹೆಂಗಸಿನದೇನೂ ತಪ್ಪಿಲ್ಲ. ನಿಮಗೆ ಬೈಯಬೇಕಾದದ್ದೆಲ್ಲ ಅವಳ ಪಾಲಿಗೆ ಬಂತು.

ಅದಕ್ಕೇ ಹೇಳುತ್ತಿದ್ದೇನೆ. ನನ್ನ ಮಗಳ ಕಾಲು ಯಾರ ಸೊಂಟಕ್ಕೂ ಅಲ್ಲ. ಅವಳು ಅದರಲ್ಲಿ ನಡೆಯಲಿ, ಓಡಲಿ, ಬೇಕಾದರೆ ನಿಮ್ಮನ್ನು ಬಿಟ್ಟು ದೂರ ಹೋಗಲಿ. ನಾನು ಕ್ವಾರ್ಟರ್ಸಿಗೆ ಬರಬೇಕಾದರೆ ಜಗಲಿಯ ಆ ಚಾಪೆ ಅಲ್ಲಿರಕೂಡದು. ಇದ್ದರೆ ಶನಿವಾರಸಂತೆಯಲ್ಲಿ ನನ್ನ ಅಣ್ಣನ ಮನೆ ಇದೆ, ಅತ್ತಿಗೆ ಈಗಾಗಲೇ ಬಾಣಂತಿ ಕೋಣೆ ಸುಣ್ಣ ಬಳಿಸಿಟ್ಟಿದ್ದಾಳೆ. ಬನ್ನಿ ಅಂತ ನಾನು ಕರೆಯುವುದಿಲ್ಲ. ದಾರಿ ನಿಮಗೆ ಗೊತ್ತಿದೆ.

ನಿಮ್ಮ ಮಗಳ ತಾಯಿ,
ಸುಮಿತಾ

ವಿ.ಸೂ.: ಬರೆದು ಮುಗಿಸಿ ಅತ್ತೆಗೆ ಪೂರ್ತಿ ಓದಿ ಹೇಳಿದೆ. ಅವರ ಮೇಲೆ ಸಿಟ್ಟಿದೆ ಅಂದ ಕಡೆ, ಇರ್ಲಿ ಬುಡು ಅಂದರು. ನಾನು ಬರೆಯುವುದಿಲ್ಲ ಅಂದ ವಿಷಯ ಬಂದಾಗ, "ಅದ್ನೂ ಬರಿ, ನಾನು ಹೇಳ್ತೀನಿ" ಅಂದರು. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ, ಒಂದಕ್ಷರ ನನ್ನದಲ್ಲ:

"ಲೋಕೇಶ, ನೀನು ಎಲ್ರಂಗೇ ತಲೆ ಮುಂದಾಗಿ ಹುಟ್ಟಿದ್ದು ಕಣ. ಕಾಲು ಮುಂದಾಗಿ ಬಂದೋನು ನಿನ್ನಣ್ಣ. ನಿಂಗೆ ಅಣ್ಣ ಇದ್ದ ಅಂತಾನೇ ನಿಂಗೆ ಗೊತ್ತಿಲ್ಲ. ಮನೇಲೇ ಹೆರಿಗೆ. ಕಾಲು ಬಂತು, ಸೊಂಟ ಬಂತು, ತಲೆ ಬರ್ನಿಲ್ಲ. ಎಳುದ್ರು. ಎಳೀಬ್ಯಾಡಿ ಅಂತ ನಾನು ಬಡ್ಕೊಂಡೆ, ಕೇಳ್ನಿಲ್ಲ. ಆಮೇಲೆ ಕೂಸನ್ನ ತಿಂದ್ಕೊಂಡೋಳು ಅಂತ ನನ್ನೇ ಅಂದ್ರು, ನಿಮ್ಮಪ್ಪನ ಮನೇಲಿ ಎಲ್ರೂ ಅಂದ್ರು. ನೀನು ನನ್ನ ತವರಲ್ಲಿ ಹುಟ್ಟಿದ್ದು, ನೋಡಿದ್ದು ನಮ್ಮವ್ವ ಒಬ್ಳೇ. ಬಾಣಂತನ ಮುಗ್ಸಿ ಬಂದಾಗ ನಾನೇ ಹೇಳ್ದೆ, ಇವ್ನೂ ಹಂಗೇ ಬಂದ, ಈ ಸಲ ಉಳಿಸ್ಕೊಂಡೆ ಅಂತ. ಅವತ್ತಿಂದ ಯಾರೂ ನನ್ನ ಮುಂದೆ ಬಾಯಿ ತೆಗೀನಿಲ್ಲ. ನಿನ್ನ ಕಾಲು ಹುಡುಕ್ಕೊಂಡು ಜನ ಬತ್ತಾರೆ, ನೀನು ಅದನ್ನ ನಿನ್ನ ಮಗೀಗೂ ಬಯಸ್ತೀಯ ಅಂತ ನಾನು ಕಂಡಿದ್ನಾ? ಸುಳ್ಳು ಅಂತ ಹೇಳಕ್ಕೆ ಬಾಯಿ ಬರ್ನಿಲ್ಲ ಕಣ, ಆ ಪುಟ್ಟ ಪಾದ ಕಾಣೋಗಂಟ ಬರ್ನಿಲ್ಲ.

ನಿನ್ನಣ್ಣನ ಕಾಲು ನಾನು ನೋಡ್ದೆ. ಮಖ ನಂಗೆ ತೋರಿಸ್ನೇ ಇಲ್ಲ, ಬಟ್ಟೆ ಸುತ್ತಿ ತಗೊಂಡೋದ್ರು. ನೀನಾದ್ರೂ ಬಂದು ನಿನ್ನ ಮಗಳ ಮಖ ನೋಡು."

ಹೀಗೆ ಬರಿ ಅಂದರು. ಬರೆದಿದ್ದೇನೆ.